ಲಕ್ಷ ದಾಟಿದ ಡೀಸೆಲ್ ಕಾರು: ಕಾರ್ಬನ್ ಕ್ಲೀನಿಂಗ್ ಮಾಡಿಸುವ ಮುನ್ನ

ಪುಣೆಯ ಹಿಂಜವಡಿ ಟ್ರಾಫಿಕ್ಕಿನಲ್ಲಿ ದಿನವೂ ಒಂದು-ಎರಡನೇ ಗೇರಿನಲ್ಲೇ ತೆವಳುವ ಡೀಸೆಲ್ ಕಾರಿಗೆ ಮಸಿ ಕಟ್ಟುವುದು ಸಹಜ. ಓಡಿದ್ದು ಲಕ್ಷ ಕಿಲೋಮೀಟರ್ ದಾಟಿ, ಪಿಕಪ್ ಕುಗ್ಗಿ, ಕರಿಹೊಗೆ ಶುರುವಾದರೆ ಗ್ಯಾರೇಜಿನವರು ಮೊದಲು ಹೇಳುವುದೇ ಕಾರ್ಬನ್ ಕ್ಲೀನಿಂಗ್. ಒಪ್ಪುವ ಮುನ್ನ ಮಸಿ ಎಲ್ಲಿದೆ, ಅವರ ಯಂತ್ರ ಅಲ್ಲಿಗೆ ಮುಟ್ಟುತ್ತದೆಯೇ ಎಂದು ಕೇಳಿ.

ಡೀಸೆಲ್ ಇಂಜಿನ್ನಿನಲ್ಲಿ ಹೆಚ್ಚು ಜಿಡ್ಡು ಕೂರುವುದು ಇಜಿಆರ್ ವಾಲ್ವ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ). ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ಮತ್ತೆ ಇಂಜಿನ್ನಿಗೇ ತಿರುಗಿಸುತ್ತದೆ. ಇಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಬರುವ ಆಯಿಲ್ ಆವಿ ಅದಕ್ಕೆ ಸೇರಿದರೆ ಒಣ ಮಸಿ ಡಾಂಬರಿನಂತೆ ಅಂಟುತ್ತದೆ. ಡೀಸೆಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುವುದರಿಂದ ಟ್ಯಾಂಕಿಗೆ ಸುರಿಯುವ ಅಡಿಟಿವ್ ಈ ಜಾಗವನ್ನು ತೊಳೆಯುವುದೇ ಇಲ್ಲ. ಅದರಿಂದ ಏನಾದರೂ ಉಪಯೋಗವಿದ್ದರೆ ಇಂಜೆಕ್ಟರ್ ತುದಿಗೆ ಮಾತ್ರ. ಕಾರ್ಬನ್ ಕ್ಲೀನಿಂಗಿಗೆಂದು ಗ್ಯಾರೇಜಿನವರು ಹಚ್ಚುವ ಹೈಡ್ರೋಜನ್ ಯಂತ್ರದ ಕಥೆಯೂ ಅಷ್ಟೇ. ಗ್ಯಾಸ್ ಮ್ಯಾನಿಫೋಲ್ಡ್ ಹಾದು ಹೋಗುತ್ತದೆ, ಉರಿಯುವುದು ಸಿಲಿಂಡರಿನಲ್ಲಿ. ಐಡಲ್‌ನಲ್ಲಿ ಮುಕ್ಕಾಲು ಗಂಟೆ ಓಡಿಸಿದರೂ ಬೆರಳು ದಪ್ಪದ ಜಿಡ್ಡು ಇದ್ದಲ್ಲೇ ಇರುತ್ತದೆ.

ಮೊದಲು ಪರೀಕ್ಷೆ

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಕ್ಲೀನಿಂಗಿನಿಂದ ಇದು ಸರಿಹೋಗದು. ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ, ಬಾಯಿಯ ಮೇಲೆ ಹಾಗೇ ಇಡಿ. ಅದು ಜೋರಾಗಿ ಕುಣಿದು ಹೊಗೆ ಉಗುಳಿದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ರಿಂಗ್ ಹೋದ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಎಷ್ಟು ತೊಳೆದರೂ ಬೇಗನೆ ಮತ್ತೆ ತುಂಬಿಕೊಳ್ಳುತ್ತದೆ.

ಕರಿಹೊಗೆಯಿದ್ದರೆ ಏರ್ ಫಿಲ್ಟರ್ ಬದಲಿಸಿ. ಆಮೇಲೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳನ್ನು ಕೈಯಿಂದ ತಡವಿ. ಕ್ಲಿಪ್ಪಿನ ಹತ್ತಿರ ತಾಜಾ ಆಯಿಲ್ ಒಸರಿದ್ದರೆ ಅಲ್ಲೇ ಗಾಳಿ ಸೋರುತ್ತಿದೆ ಎಂದು ಅನುಮಾನಿಸಿ. ‘ಕಾರ್ಬನ್’ ಎಂದು ಬಿಲ್ ಮಾಡಿದ ಎಷ್ಟೋ ದೂರುಗಳ ಮೂಲ ಇಂಥ ಒಂದು ಸೀಳು.

ಮುಂದೆ ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್. ಪಿ0401 ಬಂದರೆ ಇಜಿಆರ್ ಹರಿವು ಕಡಿಮೆ, ಪಿ0402 ಬಂದರೆ ಹೆಚ್ಚು, ಪಿ0299 ಬಂದರೆ ಟರ್ಬೊ ಒತ್ತಡ ಸಾಲದು. ಇಂಜೆಕ್ಟರ್ ಮೇಲೆ ಅನುಮಾನವಿದ್ದರೆ ರಿಟರ್ನ್ ಪೈಪುಗಳಿಗೆ ಪಾರದರ್ಶಕ ಬಾಟಲಿ ಕಟ್ಟಿ ಲೀಕ್-ಬ್ಯಾಕ್ ಪರೀಕ್ಷೆ ಮಾಡಿಸಿ. ಒಂದೇ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ, ಅಡಿಟಿವ್‌ಗೆ ಅದು ಬಗ್ಗುವುದಿಲ್ಲ.

ಹೊಗೆ ತಪಾಸಣೆಯ ಪಿಯುಸಿ ಚೀಟಿಯಲ್ಲಿ ಕೆ ಮೌಲ್ಯವಿರುತ್ತದೆ (ಹೊಗೆ ಎಷ್ಟು ದಟ್ಟವೆಂಬ ಅಂಕಿ), ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ಮಿತಿ ಬಿಎಸ್4 (ಭಾರತದ ಹೊಗೆ ಮಾನದಂಡದ ನಾಲ್ಕನೇ ಹಂತ) ಡೀಸೆಲ್‌ಗೆ 1.62, ಅದಕ್ಕೂ ಹಳೆಯದಕ್ಕೆ 2.45. ಈ ಪರೀಕ್ಷೆಯಲ್ಲಿ ಇಂಜಿನ್ನನ್ನು ಗರಿಷ್ಠ ವೇಗಕ್ಕೆ ಒತ್ತುತ್ತಾರೆ. ಟೈಮಿಂಗ್ ಬೆಲ್ಟಿನ ಅವಧಿ ಮುಗಿದಿದ್ದರೆ ಮೊದಲು ಅದನ್ನು ಬದಲಿಸಿ.

ಬಿಚ್ಚಿ ತೊಳೆಯುವುದು

ಇಜಿಆರ್ ಅಂಟಿಕೊಂಡಿದೆ, ಮ್ಯಾನಿಫೋಲ್ಡ್ ಕಟ್ಟಿಕೊಂಡಿದೆ ಎಂದು ಖಚಿತವಾದರೆ ದುಡ್ಡು ಹಾಕಬೇಕಾದದ್ದು ಬಿಚ್ಚಿ ತೊಳೆಯುವುದಕ್ಕೆ. ಸುಮಾರು ಒಂದು ದಿನದ ಕೆಲಸ, ನೆನೆಹಾಕುವ ರಾತ್ರಿ ಬೇರೆ. ಪುಣೆಯ ಬಿಡಿಭಾಗಗಳ ಮಾರುಕಟ್ಟೆ ನಾನಾ ಪೇಟೆಯಿಂದ ಹೊಸ ಗ್ಯಾಸ್ಕೆಟ್‌ಗಳನ್ನು ಮೊದಲೇ ತಂದಿಡಿ. ಹಳೆಯದನ್ನೇ ಕೂರಿಸಿದರೆ ಗಾಳಿ ಸೋರುತ್ತದೆ. ದಪ್ಪ ಜಿಡ್ಡನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಲೋಹದ ಮ್ಯಾನಿಫೋಲ್ಡನ್ನು ಡೀಸೆಲ್ಲಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕಾರ್ಬ್ ಕ್ಲೀನರ್ ಮತ್ತು ನೈಲಾನ್ ಬ್ರಶ್ ಬಳಸಿ. ಸೆನ್ಸರ್‌ಗಳನ್ನು ಮೊದಲೇ ಬಿಚ್ಚಿಡಿ. ಇಜಿಆರ್‌ನ ವಿದ್ಯುತ್ ಮೋಟಾರಿಗೆ ದ್ರವ ತಾಗಬಾರದು. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರಿಗೆ ಕಾರ್ಬ್ ಕ್ಲೀನರ್ ಹೊಡೆದರೆ ಅದು ಕೆಡಬಹುದು, ಅದಕ್ಕೆ ಬೇರೆಯೇ ಸ್ಪ್ರೇ ಸಿಗುತ್ತದೆ.

ಸಿಲಿಂಡರ್ ಹೆಡ್ಡಿನ ಪೋರ್ಟುಗಳನ್ನು (ಗಾಳಿ ಒಳಹೋಗುವ ಬಾಯಿಗಳನ್ನು) ಕೆರೆಯುವಾಗಲೇ ಅನಾಹುತವಾಗುವುದು. ಆಯಾ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಮುಚ್ಚುವಂತೆ ಕ್ರ್ಯಾಂಕ್ ತಿರುಗಿಸಿ, ಉಳಿದ ಪೋರ್ಟುಗಳಿಗೆ ಬಟ್ಟೆ ತುರುಕಿ, ವ್ಯಾಕ್ಯೂಮ್ ಹಿಡಿದು ಕೆರೆಯಬೇಕು. ತುರುಕಿದ ಬಟ್ಟೆಗಳನ್ನು ಎಣಿಸಿಡಿ. ಗಟ್ಟಿ ಚೂರೊಂದು ವಾಲ್ವಿನ ಸೀಟಿನಲ್ಲಿ ಸಿಕ್ಕಿದರೆ ಕಂಪ್ರೆಷನ್ ಹೋಯಿತೆಂದೇ ಲೆಕ್ಕ.

ಓಡುವ ಇಂಜಿನ್ನಿನ ಗಾಳಿದಾರಿಗೆ ದ್ರಾವಕ ಸ್ಪ್ರೇ ಮಾಡುವವರೂ ಇದ್ದಾರೆ. ಡೀಸೆಲ್ಲಿನಲ್ಲಿ ಇದು ಅಪಾಯಕಾರಿ: ಉರಿಯುವ ದ್ರವ ಹೆಚ್ಚಾದರೆ ಇಂಜಿನ್ ಹತೋಟಿ ತಪ್ಪಿ ಓಡಬಹುದು, ಆಗ ಕೀಲಿ ತಿರುಗಿಸಿದರೂ ನಿಲ್ಲದು. ಹಳೆಯ ಇಂಜಿನ್ನಿಗೆ ಆಯಿಲ್ ಫ್ಲಶ್ ಕೂಡ ಬೇಡ. ಕಳಚಿದ ಜಿಡ್ಡು ಸಂಪಿನ (ತಳದ ಆಯಿಲ್ ತೊಟ್ಟಿಯ) ಜಾಲರಿ ಕಟ್ಟಿದರೆ ಬೇರಿಂಗ್‌ಗಳಿಗೆ ಆಯಿಲ್ ಏರುವುದಿಲ್ಲ.

ಬಿಎಸ್6 ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿದರೆ ಲೆಕ್ಕ ಬೇರೆ. ಹೆದ್ದಾರಿಯಲ್ಲಿ ನಿಲ್ಲಿಸದೆ ಅರ್ಧ ಗಂಟೆ ಓಡಿಸಿ ನೋಡಿ, ಆರದಿದ್ದರೆ ಸ್ಕ್ಯಾನರಿನಿಂದ ರೀಜನರೇಷನ್, ಅಂದರೆ ಫಿಲ್ಟರಿನ ಮಸಿಯನ್ನು ಸುಡಿಸುವುದು. ಮಸಿ ಹೀಗೆ ಸುಡುತ್ತದೆ, ಆಯಿಲ್ಲಿನ ಬೂದಿ ಸುಡುವುದಿಲ್ಲ. ಅದಕ್ಕೇ ಇಂಥ ಕಾರಿಗೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು.

ಜೋಡಿಸಿದ ಮೇಲೆ ಕೋಡ್ ಅಳಿಸಿ, ಇಜಿಆರ್ ಕಲಿಕೆಯನ್ನು (ಕಾರಿನ ಕಂಪ್ಯೂಟರ್ ನೆನಪಿಟ್ಟ ವಾಲ್ವಿನ ಹಳೆಯ ಸ್ಥಾನ) ಸ್ಕ್ಯಾನರಿನಿಂದ ರಿಸೆಟ್ ಮಾಡಿಸಿ. ಸಾತಾರಾ ಕಡೆಗೆ ಹೊರಟು ಖಂಬಾಟ್ಕಿ ಘಾಟನ್ನು ಮೂರನೇ ಗೇರಿನಲ್ಲಿ, 2,500 ಆರ್‌ಪಿಎಂ ಆಸುಪಾಸಿನಲ್ಲಿ ಹತ್ತಿಸಿದರೆ ಎಳೆತ ಹೇಗಿದೆಯೆಂದು ಗೊತ್ತಾಗುತ್ತದೆ. ವಾಪಸ್ ಬಂದು ಇಂಜಿನ್ ಬಿಸಿಯಿರುವಾಗಲೇ ಪಿಯುಸಿ ಮಾಡಿಸಿ. ಕೆ ಮೌಲ್ಯ ಇಳಿದಿರದಿದ್ದರೆ ಇಂಟರ್‌ಕೂಲರ್ ಪೈಪುಗಳಿಗೆ ಕಡಿಮೆ ಒತ್ತಡದ ಗಾಳಿ ಕೊಟ್ಟು, ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.