ಕೌನ್ಸಿಲ್ ಪಾರ್ಕಿನಲ್ಲಿ ಕನ್ನಡದ ಹಬ್ಬ: ಇಂಗ್ಲೆಂಡಿನಲ್ಲಿ ಅನುಮತಿ ಪಡೆಯುವ ಬಗೆ

ಇಂಗ್ಲೆಂಡಿನ ಕನ್ನಡ ಸಂಘಗಳು ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಯುಗಾದಿ, ರಾಜ್ಯೋತ್ಸವಗಳನ್ನು ಆಚರಿಸುವುದು ಬಹುಕಾಲದ ರೂಢಿ. ಸದಸ್ಯರು ಹೆಚ್ಚಿದಂತೆ ಹಬ್ಬವನ್ನು ಊರಿನ ಪಾರ್ಕಿಗೆ ಅಥವಾ ಹೈ ಸ್ಟ್ರೀಟಿಗೆ ತರಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಮೊದಲ ಸಭೆಯಲ್ಲೇ ಬೆಂಗಳೂರಿನಿಂದ ಯಾವ ಗಾಯಕರನ್ನು ಕರೆಸಬೇಕು ಎಂಬ ಚರ್ಚೆ ಶುರುವಾದರೆ ಕೆಲಸ ತಲೆಕೆಳಗಾಗಿದೆಯೆಂದೇ ಅರ್ಥ. ಆಯೋಜಕರು ಯಾರು, ಎಷ್ಟು ಜನ ಬರುತ್ತಾರೆ, ಎಲ್ಲಿಂದ ಹೊರಗೆ ಹೋಗುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗುವವರೆಗೆ ಯಾವ ಕಲಾವಿದರಿಗೂ ಮುಂಗಡ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೈಸೂರು ದಸರಾ ನೋಡಿ ಬೆಳೆದ ನಮಗೆ, ಜಿಲ್ಲಾಡಳಿತವೇ ಉಪಸಮಿತಿಗಳನ್ನು ರಚಿಸಿ, ದೀಪಾಲಂಕಾರದಿಂದ ಆಹಾರ ಮೇಳದವರೆಗೆ ಎಲ್ಲವನ್ನೂ ನೋಡಿಕೊಳ್ಳುವುದು ಅಭ್ಯಾಸವಾಗಿದೆ. ಹೀಗಾಗಿ ‘ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ನಮ್ಮ ಹಬ್ಬಕ್ಕೆ ಒಪ್ಪಿದೆ’ ಎಂದ ಕೂಡಲೇ ಹೊಣೆಯೂ ಕೌನ್ಸಿಲ್‌ನದೇ ಎಂದು ತಿಳಿದುಬಿಡುತ್ತೇವೆ. ಇಲ್ಲಿ ಹಾಗಲ್ಲ. ಟ್ರಫಾಲ್ಗರ್ ಸ್ಕ್ವೇರಿನ ದೀಪಾವಳಿಯ ಹಿಂದೆ ಲಂಡನ್ ಮೇಯರ್ ಕಚೇರಿಯಿದೆ, ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ದೀಪಗಳ ಹಿಂದೆ ಅಲ್ಲಿನ ಸಿಟಿ ಕೌನ್ಸಿಲ್ ಇದೆ. ಇಂಥ ಕಡೆ ನಿಮ್ಮ ಸಂಘ ಹದಿನೈದು ನಿಮಿಷದ ಡೊಳ್ಳು ಕುಣಿತವನ್ನೋ ಒಂದು ಮಳಿಗೆಯನ್ನೋ ಕೇಳಿಕೊಂಡರೆ ಸಾಕು. ನಾಟಿಂಗ್ ಹಿಲ್ ಕಾರ್ನಿವಲ್ ಬೇರೆಯದೇ ಬಗೆಯದು. 1959ರಲ್ಲಿ ಕ್ಲಾಡಿಯಾ ಜೋನ್ಸ್ ಅವರು ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿನ ಒಳಗೆ ನಡೆಸಿದ ಕೆರಿಬಿಯನ್ ಉತ್ಸವ ಮತ್ತು 1966ರ ಬೀದಿ ಹಬ್ಬಗಳಿಂದ ಬೆಳೆದು ಬಂದ ಅದಕ್ಕೆ ಇಂದು ಪ್ರತ್ಯೇಕ ಸಂಸ್ಥೆಯೊಂದು ಆಯೋಜಕ. ಕೌನ್ಸಿಲ್‌ಗಳೂ ಪೊಲೀಸರೂ ತಮ್ಮ ತಮ್ಮ ಪಾಲಿನ ಕೆಲಸವನ್ನಷ್ಟೇ ಮಾಡುತ್ತಾರೆ. ನಮ್ಮ ಸಂಘಗಳಿಗೆ ಸಾಮಾನ್ಯವಾಗಿ ಒದಗುವುದು ಮೂರನೆಯ ಬಗೆ: ಜಾಗ ಕೌನ್ಸಿಲ್‌ನದು, ಪೋಸ್ಟರಿನಲ್ಲಿ ಅದರ ಲಾಂಛನವೂ ಇರುತ್ತದೆ, ಆದರೆ ಅರ್ಜಿಯ ‘ಆಯೋಜಕರು’ ಎಂಬ ಕಾಲಮ್ಮಿನಲ್ಲಿ ನಿಮ್ಮ ಹೆಸರಿರುತ್ತದೆ. ಯಾರಿಗಾದರೂ ಪೆಟ್ಟಾದರೆ ಪತ್ರ ಬರುವುದು ಆ ಹೆಸರಿಗೆ. ಆದ್ದರಿಂದಲೇ ಕೌನ್ಸಿಲ್‌ಗಳು ಕನಿಷ್ಠ 50 ಲಕ್ಷ ಪೌಂಡ್, ಕೆಲವು ಕಡೆ ಒಂದು ಕೋಟಿ ಪೌಂಡ್ ಮೊತ್ತದ ಪಬ್ಲಿಕ್ ಲಯಬಿಲಿಟಿ ವಿಮೆಯನ್ನು ಕೇಳುತ್ತವೆ. ಮೊತ್ತ ಕೇಳಿ ಗಾಬರಿಯಾಗಬೇಕಿಲ್ಲ. ಅದು ಪರಿಹಾರದ ಮಿತಿಯೇ ಹೊರತು ನೀವು ಕಟ್ಟುವ ಕಂತಲ್ಲ.

ಜನಸಂಖ್ಯೆಯ ವಿಷಯದಲ್ಲಿ ನೆನಪಿಡಬೇಕಾದ ಅಂಕಿ 499. ಇಂಗ್ಲೆಂಡ್ ಮತ್ತು ವೇಲ್ಸಿಗೆ ಅನ್ವಯಿಸುವ 2003ರ ಲೈಸೆನ್ಸಿಂಗ್ ಕಾಯ್ದೆಯಡಿ, ಮದ್ಯ ಮಾರಾಟವಾಗಲಿ ಪರವಾನಗಿ ಬೇಕಾಗುವ ಮನರಂಜನೆಯಾಗಲಿ ಇದ್ದು, ಒಂದೇ ಹೊತ್ತಿಗೆ 499ಕ್ಕಿಂತ ಹೆಚ್ಚು ಜನ ಇರದಿದ್ದರೆ, 21 ಪೌಂಡ್ ಶುಲ್ಕದ ಟೆಂಪರರಿ ಇವೆಂಟ್ ನೋಟಿಸ್, ಅಂದರೆ ‘ಟೆನ್’, ಸಾಕಾಗುತ್ತದೆ. ಈ ಲೆಕ್ಕದಲ್ಲಿ ಪ್ರೇಕ್ಷಕರು ಮಾತ್ರವಲ್ಲ, ಕಲಾವಿದರು, ಸ್ವಯಂಸೇವಕರು, ಮಳಿಗೆಯವರೂ ಸೇರುತ್ತಾರೆಂಬುದನ್ನು ಅನೇಕರು ಮರೆಯುತ್ತಾರೆ. ಅರವತ್ತು ಮಕ್ಕಳ ಸಮೂಹ ನೃತ್ಯವೊಂದಿದ್ದರೆ ಪ್ರೇಕ್ಷಕರ ಪಾಲು ಅಷ್ಟು ಕಡಿಮೆಯಾಯಿತು. ನೋಟಿಸ್ ತಲುಪಿದ ದಿನವನ್ನೂ ಹಬ್ಬದ ದಿನವನ್ನೂ ಬಿಟ್ಟು ಹತ್ತು ಕೆಲಸದ ದಿನಗಳು ನಡುವೆ ಇರಬೇಕು. ಐದರಿಂದ ಒಂಬತ್ತು ಕೆಲಸದ ದಿನಗಳ ಅಂತರದ ತಡವಾದ ನೋಟಿಸನ್ನೂ ಸ್ವೀಕರಿಸುತ್ತಾರಾದರೂ, ಅದಕ್ಕೆ ಪೊಲೀಸರೋ ಪರಿಸರ ಆರೋಗ್ಯ ವಿಭಾಗದವರೋ ಆಕ್ಷೇಪಿಸಿದರೆ ವಿಚಾರಣೆಯೇ ಇಲ್ಲದೆ ಬಿದ್ದುಹೋಗುತ್ತದೆ.

499 ಮೀರಿದರೆ ಪ್ರೆಮಿಸಸ್ ಲೈಸೆನ್ಸ್, ಅಂದರೆ ಆ ಜಾಗಕ್ಕೇ ಕೊಡುವ ಪರವಾನಗಿ, ಬೇಕಾಗುತ್ತದೆ. ಅದಕ್ಕೆ ಸಾರ್ವಜನಿಕರು ಅಭಿಪ್ರಾಯ ಹೇಳಲು 28 ದಿನಗಳ ಅವಧಿಯಿದೆ, ಜಾಗದಲ್ಲಿ ಸೂಚನಾಪತ್ರ ಅಂಟಿಸುವ ಕೆಲಸವಿದೆ. ಆದರೆ ಈ ಹಾದಿ ಹಿಡಿಯುವ ಮೊದಲು ಕೌನ್ಸಿಲ್‌ನ ಇವೆಂಟ್ಸ್ ವಿಭಾಗಕ್ಕೆ ಎರಡು ಪ್ರಶ್ನೆ ಕೇಳಿ. ಹಲವು ಕೌನ್ಸಿಲ್‌ಗಳು ತಮ್ಮ ದೊಡ್ಡ ಪಾರ್ಕುಗಳಿಗೆ ಈಗಾಗಲೇ ಲೈಸೆನ್ಸ್ ಪಡೆದಿಟ್ಟುಕೊಂಡಿರುತ್ತವೆ. ಅದರಡಿ ನಿಮ್ಮ ಕಾರ್ಯಕ್ರಮ ನಡೆಯಬಹುದೇ? ಕೌನ್ಸಿಲ್ ತಾನೇ, ಅಥವಾ ತನ್ನ ಪರವಾಗಿ, ತನ್ನ ಸ್ವಂತ ಜಾಗದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ನಡೆಸುವ ಮನರಂಜನೆಗೆ ಪರವಾನಗಿಯಿಂದ ವಿನಾಯಿತಿಯಿದೆ. ಆ ರೂಪದಲ್ಲಿ ಸಹ-ಆಯೋಜನೆಗೆ ಅವರು ಒಪ್ಪುವರೇ? ಈ ಎರಡು ಪ್ರಶ್ನೆಗಳಿಂದ ತಿಂಗಳುಗಳ ಶ್ರಮ ಉಳಿಯಬಹುದು.

ಅರ್ಜಿ ಸ್ವಲ್ಪ ದೊಡ್ಡದಾದರೆ ಅದು ಸೇಫ್ಟಿ ಅಡ್ವೈಸರಿ ಗ್ರೂಪಿನ ಮುಂದೆ ಹೋಗುತ್ತದೆ. ‘ಸ್ಯಾಗ್’ ಎಂದು ಕರೆಯುವ ಈ ಗುಂಪಿನಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್, ಹೆದ್ದಾರಿ ಮತ್ತು ಪರಿಸರ ಆರೋಗ್ಯ ವಿಭಾಗದವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಹೆಸರೇ ಹೇಳುವಂತೆ ಇದು ಸಲಹೆ ಕೊಡುವ ಗುಂಪು. ಆದರೆ ಜಾಗದ ಒಡೆತನ ಕೌನ್ಸಿಲ್‌ನದೇ ಆದ್ದರಿಂದ ಸಲಹೆಯನ್ನು ತಳ್ಳಿಹಾಕಿ ಮುಂದೆ ಹೋಗುವುದು ಆಗದ ಮಾತು. ನಾನು ಕುಳಿತಿದ್ದ ಒಂದು ಸಭೆಯಲ್ಲಿ ನಮ್ಮ ಬಣ್ಣಬಣ್ಣದ ಕಾರ್ಯಕ್ರಮ ಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ. ಅಗ್ನಿಶಾಮಕ ಅಧಿಕಾರಿ ನಕ್ಷೆಯ ಮೇಲೆ ಪೂರ್ವದ ಗೇಟಿಗೆ ಬೆರಳಿಟ್ಟು, ಕೊನೆಯ ಹಾಡು ಮುಗಿದ ಹತ್ತು ನಿಮಿಷದೊಳಗೆ ಎಷ್ಟು ಜನ ಇಲ್ಲಿಗೆ ಬರುತ್ತಾರೆ, ಇದರ ಅಗಲವೆಷ್ಟು ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮರುದಿನ ನಮ್ಮ ಖಜಾಂಚಿಯವರು ಟೇಪ್ ಹಿಡಿದು ಹೋಗಿ ಅಳೆದಾಗ, ಗೇಟೇನೋ ಅಗಲವಾಗಿತ್ತು, ಆದರೆ ಅದರ ನಡುವೆಯೇ ಕಬ್ಬಿಣದ ಕಸದ ತೊಟ್ಟಿಯೊಂದನ್ನು ನೆಲಕ್ಕೆ ಬಿಗಿದಿದ್ದರು. ಅಗ್ನಿಶಾಮಕ ವಾಹನಕ್ಕೆ ಸಾಮಾನ್ಯವಾಗಿ 3.7 ಮೀಟರ್ ಅಗಲದ ದಾರಿಯನ್ನು ತೆರವಾಗಿಡಬೇಕೆಂಬುದು ಆ ದಿನ ನಾವು ಕಲಿತ ಪಾಠ. ಊಟದ ಡೇರೆಯನ್ನು ಬೇರೆ ಮೂಲೆಗೆ ಸರಿಸಬೇಕಾಯಿತು.

ಇದನ್ನು ಅಧಿಕಾರಿಗಳ ಕಿರಿಕಿರಿ ಎಂದು ಬಗೆಯುವವರು ಲೆಸ್ಟರಿನ ಉದಾಹರಣೆಯನ್ನು ಗಮನಿಸಬೇಕು. 2025ರಲ್ಲಿ ಅಲ್ಲಿನ ದೀಪಾವಳಿಗೆ ಬರುವ ಜನಸಂದಣಿ ಅಪಾಯದ ಮಟ್ಟ ತಲುಪುತ್ತಿದೆ ಎಂಬ ಆತಂಕದಿಂದ ವೇದಿಕೆ ಕಾರ್ಯಕ್ರಮವನ್ನೂ ಪಟಾಕಿ ಪ್ರದರ್ಶನವನ್ನೂ ಕೈಬಿಟ್ಟು, ದೀಪಾಲಂಕಾರ ಮತ್ತು ರಸ್ತೆ ಸಂಚಾರ ನಿಷೇಧವನ್ನಷ್ಟೇ ಉಳಿಸಿಕೊಳ್ಳಲಾಯಿತು. ದಶಕಗಳಿಂದ ನಡೆದು ಬಂದ, ಕೌನ್ಸಿಲ್ಲೇ ಮುಂದೆ ನಿಂತು ನಡೆಸುವ ಹಬ್ಬಕ್ಕೇ ಹೀಗಾದರೆ ನಮ್ಮ ಮೊದಲ ವರ್ಷದ ಅರ್ಜಿಗೆ ಪ್ರಶ್ನೆಗಳು ಬರುವುದರಲ್ಲಿ ಅಚ್ಚರಿಯಿಲ್ಲ.

ಮೆರವಣಿಗೆಯ ನಿಯಮಗಳು ಪ್ರತ್ಯೇಕ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಹತ್ತಾರು ಜನ ಹೂವು ಅರ್ಪಿಸಿ ಬರುವುದು ಒಂದು. ಅಲ್ಲಿಂದ ಬಾವುಟ ಹಿಡಿದು, ಡೊಳ್ಳು ಬಾರಿಸುತ್ತ ರಸ್ತೆಗಿಳಿಯುವುದು ಇನ್ನೊಂದು. ಯಾವುದಾದರೂ ದಿನವನ್ನು ಸ್ಮರಿಸಲು ಹೊರಡುವ ಮೆರವಣಿಗೆಗೆ 1986ರ ಪಬ್ಲಿಕ್ ಆರ್ಡರ್ ಕಾಯ್ದೆಯಂತೆ ಆರು ಪೂರ್ಣ ದಿನಗಳ ಮೊದಲೇ, ದಾರಿ ಮತ್ತು ಹೊರಡುವ ಸಮಯ ಸಹಿತ, ಪೊಲೀಸರಿಗೆ ಲಿಖಿತ ಸೂಚನೆ ಕೊಡಬೇಕು. ಅದು ಕಾನೂನಿನ ಕನಿಷ್ಠ ಗಡುವಷ್ಟೇ. ರಸ್ತೆ ಮುಚ್ಚುವ ಆದೇಶಕ್ಕೆ ಕೌನ್ಸಿಲ್‌ಗಳು ಹಲವು ವಾರಗಳ ಕಾಲಾವಕಾಶ ಕೇಳುತ್ತವೆ, ಬಸ್ಸಿನ ಮಾರ್ಗವಿದ್ದರೆ ಇನ್ನಷ್ಟು. ಜಾತ್ರೆಯಲ್ಲಿ ಮಾಡುವಂತೆ ನಮ್ಮ ಹುಡುಗರು ಸೀಟಿ ಊದಿ ವಾಹನಗಳನ್ನು ತಡೆಯಲಾಗದು. ಹಳದಿ ಜಾಕೆಟ್ ತೊಟ್ಟ ಮಾತ್ರಕ್ಕೆ ಸ್ವಯಂಸೇವಕರಿಗೆ ಸಂಚಾರ ನಿಯಂತ್ರಿಸುವ ಅಧಿಕಾರ ಬರುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ನಮ್ಮ ಅಡುಗೆಗೇ ವಿಶೇಷವಾಗಿ ಅಂಟಿಕೊಂಡ ಕೆಲವು ತೊಡಕುಗಳಿವೆ. ಮಳಿಗೆ ಹಾಕುವ ಅಡುಗೆ ವ್ಯಾಪಾರಿಗಳು ವ್ಯಾಪಾರ ಆರಂಭಿಸುವ 28 ದಿನ ಮೊದಲೇ ತಮ್ಮ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ಅವರ ನೈರ್ಮಲ್ಯ ಅಂಕವನ್ನು ಕೇಳಿ ತಿಳಿದುಕೊಳ್ಳುವುದು ಆಯೋಜಕರ ಕೆಲಸ. ಬಿಸಿಬೇಳೆಬಾತಿನ ಪಾತ್ರೆ 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಕಾಯಬೇಕು. ತಪಾಸಣೆಗೆ ಬರುವ ಅಧಿಕಾರಿ ಥರ್ಮಾಮೀಟರನ್ನು ಪಾತ್ರೆಯ ಅಂಚಿಗಲ್ಲ, ನಡುವಿಗೇ ಇಳಿಸುತ್ತಾರೆ. ಇದಕ್ಕಿಂತ ಸೂಕ್ಷ್ಮವಾದದ್ದು ಅಲರ್ಜಿಯ ಪಟ್ಟಿ. ಕಾನೂನು ಹೆಸರಿಸಿರುವ 14 ಪದಾರ್ಥಗಳಲ್ಲಿ ಸಾಸಿವೆ, ಕಡಲೆಕಾಯಿ, ಎಳ್ಳು, ಗೋಡಂಬಿಯಂಥ ಬೀಜಗಳು, ಹಾಲು, ಗ್ಲುಟೆನ್ ಇರುವ ಧಾನ್ಯಗಳು ಎಲ್ಲವೂ ಇವೆ. ಅಂದರೆ ಸಾಸಿವೆಯ ಒಗ್ಗರಣೆ ಬಿದ್ದ ಯಾವ ಪದಾರ್ಥವೂ ಈ ಪಟ್ಟಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಅಂಗಡಿಯ ಪುಡಿ ಇಂಗಿನಲ್ಲಿ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುವುದರಿಂದ, ಬರೀ ಅಕ್ಕಿಯ ಚಿತ್ರಾನ್ನವೆಂದು ‘ಗ್ಲುಟೆನ್ ಇಲ್ಲ’ ಎಂಬ ಫಲಕ ಹಾಕುವ ಮುನ್ನ ಡಬ್ಬಿಯನ್ನು ತಿರುಗಿಸಿ ಓದಿ. ತೆಂಗಿನಕಾಯಿ ಮಾತ್ರ ಆ ಪಟ್ಟಿಯಲ್ಲಿಲ್ಲ. ವ್ಯಾಪಾರಿಗಳು ತಾವೇ ಮೊದಲೇ ಪೊಟ್ಟಣ ಕಟ್ಟಿ ಮಾರುವ ಚಕ್ಕುಲಿ, ಮೈಸೂರು ಪಾಕಿನ ಮೇಲೆ 2021ರ ಅಕ್ಟೋಬರಿನಿಂದ ಪದಾರ್ಥಗಳ ಪೂರ್ಣ ಪಟ್ಟಿ ಕಡ್ಡಾಯ.

ಸಂಗೀತದ ಹಕ್ಕುಗಳಿಗೆ ಪಿಆರ್‌ಎಸ್ ಮತ್ತು ಪಿಪಿಎಲ್ ಸಂಸ್ಥೆಗಳಿವೆ. ಕನ್ನಡದ ಹಾಡಾದರೆ ಇಲ್ಲಿ ಕೇಳುವವರಿಲ್ಲ ಎಂಬ ನಂಬಿಕೆ ತಪ್ಪು. ಕಾವಲಿಗೆ ನಿಲ್ಲಿಸುವ ಗುತ್ತಿಗೆ ಸಿಬ್ಬಂದಿಗೆ ಸೆಕ್ಯುರಿಟಿ ಇಂಡಸ್ಟ್ರಿ ಅಥಾರಿಟಿಯ (ಎಸ್‌ಐಎ) ಪರವಾನಗಿ ಇರಬೇಕು. 2025ರ ಏಪ್ರಿಲ್‌ನಲ್ಲಿ ರಾಜಮುದ್ರೆ ಪಡೆದ, ಮಾರ್ಟಿನ್ಸ್ ಲಾ ಎಂದು ಕರೆಯಲಾಗುವ ಭದ್ರತಾ ಕಾಯ್ದೆಗೆ ಕನಿಷ್ಠ 24 ತಿಂಗಳ ಸಿದ್ಧತಾ ಅವಧಿ ಕೊಟ್ಟಿದ್ದಾರೆ; ಟಿಕೆಟ್ ಪರೀಕ್ಷಿಸಿ ಒಳಬಿಡುವ, 800 ಅಥವಾ ಹೆಚ್ಚು ಜನ ಸೇರುವ ಕಾರ್ಯಕ್ರಮಗಳು ಅದರ ವ್ಯಾಪ್ತಿಗೆ ಬರುವುದರಿಂದ ದೊಡ್ಡ ಯೋಜನೆಯಿರುವವರು ಈಗಲೇ ಓದಿಕೊಳ್ಳುವುದು ಒಳ್ಳೆಯದು.

ರಾಜ್ಯೋತ್ಸವವನ್ನು ನವೆಂಬರ್ 1ಕ್ಕೇ ಬಯಲಿನಲ್ಲಿ ಮಾಡಬೇಕೆಂಬ ಹಟ ಬೇಡ. ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲಿನ ಆ ದಿನಗಳಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೆ ಲಂಡನ್ನಿನಲ್ಲಿ ಸೂರ್ಯ ಮುಳುಗುತ್ತಾನೆ. ದೀಪ, ಜನರೇಟರ್, ಕೆಸರಿನ ಮೇಲೆ ಹಾಸುವ ಹಲಗೆ ಎಂದು ಖರ್ಚು ಏರುತ್ತ ಹೋಗುತ್ತದೆ. ಹುಲ್ಲಿಗೆ ಆಗುವ ಹಾನಿಗೆಂದು ಕೌನ್ಸಿಲ್‌ಗಳು ಠೇವಣಿ ಹಿಡಿದಿಡುವುದೂ ಉಂಟು. ಹಬ್ಬದ ಹಿಂದಿನ ದಿನವೇ ಪಾರ್ಕಿನ ಅಧಿಕಾರಿಯೊಡನೆ ನೆಲದ ಸುತ್ತ ನಡೆದು, ಮೊದಲೇ ಇದ್ದ ಗುಂಡಿ, ಟಯರಿನ ಗೆರೆಗಳ ಫೋಟೊ ತೆಗೆದು, ಅಂದೇ ಅವರಿಗೆ ಇಮೇಲ್ ಮಾಡಿಬಿಡಿ.