ಹಳೇ ವಾದ್ಯಗಳ ಆರ್ಕೆಸ್ಟ್ರಾ ಕೇಳೋಕೆ ಕಿವಿ ಹದ ಮಾಡಿಕೊಳ್ಳೋದು ಹೇಗೆ

ಮಲ್ಲೇಶ್ವರದಲ್ಲಿ ಪಿಟೀಲು ಪಾಠ ಹೇಳ್ತೀನಿ. ಬೀಥೋವನ್‌ನನ್ನ ಬೀಥೋವನ್ ಕಾಲದ ವಾದ್ಯಗಳಲ್ಲೇ ನುಡಿಸೋ ಕಛೇರಿಗೆ ಹೋಗೋ ಮುಂಚೆ ಏನು ಮಾಡಬೇಕು ಅಂತ ಶಿಷ್ಯರು ಕೇಳ್ತಾರೆ. ಅವರಿಗೆ ಹೇಳೋದನ್ನೇ ಬರೀತಿದ್ದೀನಿ.

ಆತನ ಮೂರನೇ ಸಿಂಫನಿ, ಅಂದರೆ ನಾಲ್ಕು ಭಾಗದ ಆರ್ಕೆಸ್ಟ್ರಾ ಕೃತಿ, 'ಎರೋಯಿಕಾ'ವನ್ನ ಮನೆಯಲ್ಲಿ ಎರಡು ಸಲ ಕೇಳಿ. ಒಂದು ಈಗಿನ ಆರ್ಕೆಸ್ಟ್ರಾದ್ದು, ಇನ್ನೊಂದು ಹಳೇ ವಾದ್ಯಗಳದ್ದು. ಎರಡನೆಯದಕ್ಕೆ ವಾಲ್ಯೂಮ್ ಏರಿಸಬೇಡಿ. ಆಗ ಪಿಟೀಲಿಗೆ ಕುರಿ ಕರುಳಿನ ತಂತಿ, ಉಕ್ಕಿನಷ್ಟು ಜೋರು ಬರಲ್ಲ. ನಮ್ಮ ಗುರುಗಳು ಅಂಥದ್ದೊಂದು ತಂತಿಯನ್ನ ಕಾಗದದಲ್ಲಿ ಸುತ್ತಿಟ್ಟಿದ್ದರು. ಒಂದು ದಿನ ಅದನ್ನ ಕಟ್ಟಿ ಕಮಾನು ಎಳೆದರು: ಮೊದಲು ಸಣ್ಣದಾಗಿ 'ಸರ್' ಅಂತು, ಹಿಂದೆಯೇ ನಾದ ಬಂತು. ಆ 'ಸರ್' ಹಿಡೀರಿ. ಸಾಹಿತ್ಯದಲ್ಲಿ ವ್ಯಂಜನ ಮಾಡೋ ಕೆಲಸವನ್ನ ಇಲ್ಲಿ ಅದು ಮಾಡತ್ತೆ.

ಶ್ರುತಿಯೂ ಇಳಿದಿರತ್ತೆ. ಈಗಿನ ಎ ಸ್ವರ 440 ಹರ್ಟ್ಸ್. ಬೀಥೋವನ್‌ಗೆ ಸಾಮಾನ್ಯವಾಗಿ 430 ಇಟ್ಟುಕೊಳ್ತಾರೆ. ಆತನಿಗೂ ಹಿಂದಿನ ರಚನಕಾರ ಬಾಖ್‌ಗೆ 415, ಅಂದರೆ ನಮ್ಮ ಶ್ರುತಿ ಲೆಕ್ಕದಲ್ಲಿ ಆರು ಮನೆಯಿಂದ ಐದೂವರೆಗೆ ಇಳಿದ ಹಾಗೆ.

ನನಗೆ ಅತಿ ಪ್ರೀತಿಯದು ಸುರುಳಿ ಸುತ್ತಿದ ಹಿತ್ತಾಳೆ ಹಾರ್ನ್. 'ಎರೋಯಿಕಾ'ದ ಮೂರನೇ ಭಾಗದ ನಡುವೆ ಮೂರು ಹಾರ್ನ್ ಒಟ್ಟಿಗೆ ಏಳ್ತವೆ. ಈ ಕೃತಿ ಬರೆದದ್ದು 1803-04ರಲ್ಲಿ. ಹಾರ್ನ್‌ಗೆ ವಾಲ್ವ್, ಅಂದರೆ ಬೆರಳಲ್ಲಿ ಒತ್ತಿ ಕೊಳವೆಯ ಉದ್ದ ಬದಲಿಸೋ ಕೀಲಿ, ಬಂದದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ. ಬರೀ ಕೊಳವೆಯಲ್ಲಿ ಎಲ್ಲ ಸ್ವರ ಸಿಗಲ್ಲ. ಸಿಗದ್ದನ್ನ ವಾದ್ಯದ ಅಗಲ ಬಾಯೊಳಗೆ ಅಂಗೈ ಇಟ್ಟು, ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ ತರಿಸಬೇಕು. 'ಆ' ಅಂತ ಹಾಡ್ತಾ ಬಾಯಿಗೆ ಅಂಗೈ ಅಡ್ಡ ಹಿಡಿದು ನೋಡಿ, ಬಣ್ಣ ಹೇಗೆ ಮಬ್ಬಾಗತ್ತೆ ಅಂತ ಗೊತ್ತಾಗತ್ತೆ. ಒಂದೇ ಸಾಲಿನಲ್ಲಿ ಬೆಳಕು ನೆರಳು ಎರಡೂ ಬರೋದು ಹೀಗೆ. ವಾಲ್ವ್ ಹಾರ್ನ್‌ನಲ್ಲಿ ಎಲ್ಲ ಸ್ವರವೂ ಒಂದೇ ಹೊಳಪು.

ಟಿಕೆಟ್ ಮುಂದಿನ ಸಾಲಿನದೇ ತಗೊಳ್ಳಿ. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೂ ಕೇಳಲಿ ಅಂತ ನಮ್ಮ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ಯುರೋಪಿನಲ್ಲೂ ಸಭಾಂಗಣ ದೊಡ್ಡದಾದ ಹಾಗೆ ವಾದ್ಯಗಳ ಬಲ ಹೆಚ್ಚಿಸ್ತಾ ಹೋದರು. ನೀವು ಕೇಳೋಕೆ ಹೊರಟಿರೋದು ಅದಕ್ಕೂ ಮುಂಚಿನ ದನಿ.

ಒಂದು ಭಾಗ ಮುಗಿದು ಅವರು ಮತ್ತೆ ಶ್ರುತಿ ಮಾಡಿಕೊಳ್ಳೋಕೆ ನಿಂತರೆ ಮೊಬೈಲ್ ತೆಗೀಬೇಡಿ. ನಮ್ಮೂರ ಮಳೆಗಾಲದ ತೇವಕ್ಕೆ ಕರುಳಿನ ತಂತಿ ಬೇಗ ಶ್ರುತಿ ಬಿಡತ್ತೆ. ಓಬೋ ಅನ್ನೋ ಊದೋ ವಾದ್ಯ ಕೊಟ್ಟ ಎ ಸ್ವರಕ್ಕೆ ಒಂದೊಂದೇ ಪಿಟೀಲು ಬಂದು ಸೇರೋದನ್ನೂ ಕೇಳಿ.