ತೋಡಿನಲ್ಲಿ ನೀರು ಎಷ್ಟು ನಿಲ್ಲಬೇಕು? ಹಲಗೆ ಇಡುವ ಮೊದಲು ಇಷ್ಟು ನೋಡಿ

ತುಲಾ ತಿಂಗಳ ಮಳೆ ಮುಗಿದು ಚಳಿ ಬಿದ್ದಾಗ ಕಾಸರಗೋಡಿನ ತೋಟಗಳಲ್ಲಿ ಕಟ್ಟದ, ಅಂದರೆ ತೋಡಿನ (ಸಣ್ಣ ಹಳ್ಳದ) ನೀರು ತಡೆದು ನಿಲ್ಲಿಸುವ ಒಡ್ಡಿನ ಮಾತು ಶುರುವಾಗುತ್ತದೆ. ಏತಡ್ಕದ ಕಡೆ ಕಲ್ಲು, ಮಣ್ಣು ಹಾಕಿ ತೋಡಿಗೆ ಸಾಲಾಗಿ ಕಟ್ಟ ಕಟ್ಟುವ ಪದ್ಧತಿ ತಲೆಮಾರುಗಳಿಂದ ಇದೆ. ಕೆಲವರು ಕಾಂಕ್ರೀಟ್ ಕಂಬಗಳ ನಡುವೆ ಹಲಗೆ ಇಳಿಸುತ್ತಾರೆ. ನಮ್ಮದೂ ಹಾಗೆಯೇ.

ಕೆಲವು ವರ್ಷಗಳ ಹಿಂದೆ ನಾನೊಂದು ಹಲಗೆ ಜಾಸ್ತಿ ಇಟ್ಟೆ. ಮೂರನೇ ದಿನ ಮೇಲಿನ ತೋಟದ ಮಾವ ಬಂದರು. "ಹಲಗೆ ತೆಗಿ ಮಾರಾಯ, ನನ್ನ ಕಣಿಯ ನೀರು ಹೊರಗೇ ಹೋಗ್ತಾ ಇಲ್ಲ" ಎಂದರು. ಕಣಿ ಅಂದರೆ ತೋಟದ ನೀರು ತೋಡಿಗೆ ಹರಿದುಹೋಗುವ ಕಾಲುವೆ. ಹೋಗಿ ನೋಡಿದರೆ ಅಡಕೆ ಮರಗಳ ಬುಡ ಮುಳುಗಿತ್ತು. ನನ್ನ ಹಲಗೆಯಿಂದ ಆ ಜಾಗ ನೂರು ಹೆಜ್ಜೆ ಮೇಲೆ! ಅವತ್ತಿನಿಂದ ನಾನು ಅಳತೆ ಮಾಡದೆ ಹಲಗೆ ಮುಟ್ಟುವುದಿಲ್ಲ.

ಮೊದಲು ತೋಡಿಗೆ ಒಂದು ಸಣ್ಣ ಕಲ್ಲು ಹಾಕಿ. ಎದ್ದ ಅಲೆ ಹರಿವಿಗೆ ಎದುರಾಗಿ ಮೇಲಕ್ಕೂ ಹತ್ತುತ್ತದಾ ನೋಡಿ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಆಳದ ನೀರಿನಲ್ಲಿ ಇಂಥ ಅಲೆ ಸೆಕೆಂಡಿಗೆ 1.4 ಮೀಟರ್ ಓಡುತ್ತದೆ. ಹರಿವು ಅದಕ್ಕಿಂತ ನಿಧಾನವಾಗಿದ್ದರೆ ಅಲೆ ಮೇಲೆ ಹೋಗುತ್ತದೆ. ಹಾಗಾದರೆ ಆ ಜಾಗದ ಆಳಕ್ಕೆ ಕೆಳಗಿನ ತಡೆಯೂ ಕಾರಣ ಆಗಬಹುದು. ನೀರು ಏರಿದೆಯಾ? ಕೆಳಗಡೆ ನಡೆದು ನೋಡಿ. ಬಿದ್ದ ಸೋಗೆ, ಕಸ ಕಟ್ಟಿದ ಮೋರಿ, ಇನ್ಯಾರದೋ ಕಟ್ಟ ಸಿಗುತ್ತದೆ. ಅಲೆ ಮೇಲೆ ಹತ್ತದೆ ಕೆಳಗೆ ಕೊಚ್ಚಿಕೊಂಡು ಹೋದರೆ ಅಲ್ಲಿನ ಆಳ ಮೇಲಿನಿಂದಲೇ ನಿರ್ಧಾರವಾಗಿ ಬರುತ್ತದೆ.

ತಡೆ ಏನೂ ಸಿಗದಿದ್ದರೆ ಹುಲ್ಲು ನೋಡಿ. ಕಣಿಯ ಒಳಗಿನ ಒರಟು ಇಮ್ಮಡಿಯಾದರೆ ಅಷ್ಟೇ ನೀರು ಹರಿಯಲು ಸುಮಾರು ಒಂದೂವರೆ ಪಟ್ಟು ಆಳ ಬೇಕು. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದ ಲೆಕ್ಕ ಇದು. ಅಗಲ ಕಣಿಗೆ ಚೆನ್ನಾಗಿ ಹೊಂದುತ್ತದೆ. ಎಷ್ಟೋ ಸಲ ಕತ್ತಿ ಹಿಡಿದು ಅರ್ಧ ದಿನ ಹುಲ್ಲು ಸವರಿದರೆ ಸಾಕು, ಹಲಗೆ ಮುಟ್ಟುವುದೇ ಬೇಡ.

ಇನ್ನು ನೀರು ನಿಲ್ಲಿಸಲೇಬೇಕು ಅಂದರೆ ಇಳಿಜಾರು ಅಳೆಯಿರಿ. ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪೈಪ್ ಸಾಕು. 200 ಮೀಟರಿಗೆ ಒಂದು ಮೀಟರ್ ಇಳಿಯುವ ತೋಡಿನಲ್ಲಿ ಅರ್ಧ ಮೀಟರ್ ನೀರು ಏರಿಸಿದರೆ, ಅದರ ಪರಿಣಾಮ ಕಡಿಮೆ ಎಂದರೂ 100 ಮೀಟರ್ ಮೇಲಿನವರೆಗೆ ಹೋಗುತ್ತದೆ. ಆ ನೂರು ಮೀಟರ್ ಒಳಗೆ ಯಾರ ಕಣಿ ಸೇರುತ್ತದೆ ಎಂದು ನೋಡಿ, ಅವರ ಹತ್ತಿರ ಮಾತಾಡಿಯೇ ಹಲಗೆ ಇಡಿ.

ಹೆಚ್ಚಾದ ನೀರು ಹಲಗೆಯ ಮೇಲಿಂದಲೇ ಹೋಗಲಿ. ಒಂದು ಮೀಟರ್ ಅಗಲದ ಹಲಗೆಯ ಮೇಲೆ 10 ಸೆಂಟಿಮೀಟರ್ ನೀರು ಏರಿ ಆಚೆ ಸಲೀಸಾಗಿ ಧುಮುಕುತ್ತಿದ್ದರೆ ಸೆಕೆಂಡಿಗೆ 55ರಿಂದ 60 ಲೀಟರ್ ಹೋಗುತ್ತದೆ. 20 ಸೆಂಟಿಮೀಟರ್ ಏರಿದರೆ 160 ಲೀಟರ್ ದಾಟುತ್ತದೆ. ಏರಿಕೆ ಇಮ್ಮಡಿ, ಹರಿವು ಹತ್ತಿರಹತ್ತಿರ ಮೂರು ಪಟ್ಟು. ಹಾಗಾಗಿ ಸಣ್ಣ ಮಳೆ ಬಂದರೂ ಮಟ್ಟ ಹೆಚ್ಚು ಏರುವುದಿಲ್ಲ. ತಳದ ತೂತು ಹಾಗಲ್ಲ. ತೂತಿನ ಮೇಲಿನ ನೀರು ಇಮ್ಮಡಿಯಾದರೂ ಹರಿವು ಒಂದೂವರೆ ಪಟ್ಟೂ ಆಗುವುದಿಲ್ಲ. ತೋಟಕ್ಕೆ ದಿನವೂ ಒಂದೇ ಹದದಲ್ಲಿ ನೀರು ತಿರುಗಿಸಲು ಈ ಗುಣವೇ ಅನುಕೂಲ. ತೋಟಕ್ಕೆ ನೀರು ಒಯ್ಯುವ ಪೈಪನ್ನು ತಳದ ಹತ್ತಿರ ಇಡಿ.

ಅಳತೆಯ ಸಲಾಕೆಯನ್ನು ಹಲಗೆಯ ಪಕ್ಕದಲ್ಲೇ ಊರಬೇಡಿ. ಅಂಚಿನ ಹತ್ತಿರ ನೀರು ಕೆಳಗೆ ಬಾಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಒಂದು ಮೀಟರ್ ಮೇಲೆ, ನೀರು ಶಾಂತವಾಗಿರುವಲ್ಲಿ ಊರಿ. ಸೊನ್ನೆಯ ಗೆರೆ ಹಲಗೆಯ ತಲೆಗೆ ಸಮನಾಗಿರಲಿ. ನೀರು ಬೀಳುವ ಕಡೆ ದಪ್ಪ ಕಲ್ಲು ಹಾಸದಿದ್ದರೆ ಬುಡ ಕೊರೆದು ಕಂಬವೇ ವಾಲುತ್ತದೆ.

ಮಳೆಗಾಲ ಹತ್ತಿರ ಬಂದಾಗ ಹಲಗೆಗಳನ್ನು ಒಟ್ಟಿಗೆ ಕೀಳಬೇಡಿ. ಮೇಲಿನದನ್ನು ತೆಗೆದು, ಸಲಾಕೆಯಲ್ಲಿ ನೀರು ಇಳಿದು ನಿಂತ ಮೇಲೆ ಮುಂದಿನದು. ಕೆಳಗಿನ ತೋಟದವರಿಗೆ ಹಿಂದಿನ ದಿನವೇ ಹೇಳಿ. ತೋಡಿನಲ್ಲಿ ಅವರ ಪಂಪ್ ಇರುತ್ತದೆ, ಮಕ್ಕಳೂ ಇಳಿದಿರುತ್ತಾರೆ.